ತರಗೆಲೆಗೆ ‘ನಾಳೆ ಬಾ’ ಎಂದರೆ ಕೇಳೀತೇ?

1990ರ ದಶಕದಲ್ಲಿ ಕರ್ನಾಟಕದ ಅನೇಕ ಊರುಗಳಲ್ಲಿ ಮನೆಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದುದು ಹಿರಿಯರಿಗೆ ನೆನಪಿರಬಹುದು. ರಾತ್ರಿ ಬಾಗಿಲು ತಟ್ಟುವ ದೆವ್ವ ಅದನ್ನು ಓದಿ ಹಿಂದಿರುಗುತ್ತದೆ. ಮರುದಿನ ಬಂದರೂ ಅದೇ ಬರಹ. ಹೀಗೆ ಅದರ ನಾಳೆ ಎಂದೂ ಬರುವುದಿಲ್ಲ ಎಂಬ ನಂಬಿಕೆ. ಆಂಧ್ರದ ಗೋಡೆಗಳ ಮೇಲೂ ‘ಓ ಸ್ತ್ರೀ ರೇಪು ರಾ’ ಎಂಬ ಬರಹವಿರುತ್ತಿತ್ತು. ‘ರೇಪು’ ಎಂದರೆ ನಾಳೆ. ಭಾಷೆ ಎರಡಾದರೂ ಉಪಾಯ ಒಂದೇ. ದೆವ್ವ ಈ ಮಾತು ಕೇಳಿತೋ ಇಲ್ಲವೋ ಗೊತ್ತಿಲ್ಲ. ಅಂಗಳದ ತರಗೆಲೆ ಮಾತ್ರ ಕೇಳುವುದಿಲ್ಲ ಎಂಬುದು ನನ್ನ ಸ್ವಂತ ಅನುಭವ.

ಬ್ಯಾಂಕಿನವರು ‘ನಾಳೆ ಬನ್ನಿ’ ಎನ್ನುವುದರಲ್ಲಿ ಪಳಗಿದವರು ಎಂದು ಸಂಘದ ಮಿತ್ರರು ನನ್ನನ್ನು ಛೇಡಿಸುವುದುಂಟು. ಕೌಂಟರಿನಲ್ಲಿ ನಾನು ಹಾಗೆ ಹೇಳಿದ್ದು ಕಡಿಮೆ. ಮನೆಯಲ್ಲಿ ಹೇಳಿದ್ದು ಹೆಚ್ಚು.

ವಿಜಯವಾಡದಲ್ಲಿದ್ದಾಗ ನಮ್ಮ ಬಾಡಿಗೆ ಮನೆಯ ಮುಂದೆ ದೊಡ್ಡ ಬೇವಿನ ಮರವಿತ್ತು. ಯುಗಾದಿಗೆ ಮೊದಲು, ಮಾಘ ಫಾಲ್ಗುಣದಲ್ಲಿ, ಅದು ಎಲೆ ಉದುರಿಸಲು ತೊಡಗಿದರೆ ಅಂಗಳವೆಲ್ಲ ಹಳದಿ. ಆದರೂ ಒಂದು ದಿನವೂ ಕಸ ನಿಂತದ್ದನ್ನು ನಾನು ಕಾಣೆ. ಮನೆ ಮಾಲೀಕರ ಪತ್ನಿ ಬೆಳಕು ಹರಿಯುವ ಮೊದಲೇ ಎದ್ದು ಗುಡಿಸಿ, ನೀರು ಚಿಮುಕಿಸಿ, ಮುಗ್ಗು ಹಾಕಿ ಮುಗಿಸುತ್ತಿದ್ದರು. ಹತ್ತು ನಿಮಿಷದ ಕೆಲಸ. ಅದು ಕೆಲಸ ಎಂದೇ ನನಗೆ ಅನ್ನಿಸಿರಲಿಲ್ಲ.

ವರ್ಗವಾಗಿ, ಅಲ್ಲಿಂದ ಸುಮಾರು 350 ಕಿ.ಮೀ. ದೂರದ ವಿಶಾಖಪಟ್ಟಣಕ್ಕೆ ಬಂದ ಮೇಲೆ ಅಂಗಳದ ಹೊಣೆ ನಮ್ಮ ಪಾಲಿಗೆ ಬಂತು. ಇಲ್ಲಿರುವುದು ಕಾಡು ಬಾದಾಮಿ ಮರ. ಅಂಗೈಗಿಂತ ದೊಡ್ಡ ಎಲೆ. ಉದುರುವ ಮೊದಲು ಕೆಂಪಾಗಿ ನೋಡಲು ಬಲು ಚಂದ. ನಮ್ಮ ಮರ ವರ್ಷಕ್ಕೆ ಎರಡು ಸಲ ಬೋಳಾಗುತ್ತದೆ, ನಡುವೆ ಗಾಳಿ ಬೀಸಿದಾಗಲೆಲ್ಲ ಒಂದಷ್ಟು ಉದುರಿಸುತ್ತದೆ. ಮೊದಲ ದಿನ ‘ಹೇಗೂ ನಾಳೆ ಮತ್ತೆ ಬೀಳುತ್ತದಲ್ಲ’ ಎಂದೆ. ಎರಡನೆಯ ದಿನ ‘ಭಾನುವಾರ ಒಟ್ಟಿಗೆ ಗುಡಿಸಿದರಾಯಿತು’ ಎಂದೆ. ಭಾನುವಾರ ಮಳೆ. ‘ಒದ್ದೆ ಎಲೆ ಪೊರಕೆಗೆ ಬರುವುದಿಲ್ಲ, ಒಣಗಲಿ’ ಎಂದೆ. ನನ್ನ ಹೆಂಡತಿ ಹೇಳುವುದನ್ನೇ ಬಿಟ್ಟಳು.

ಬಡ್ಡಿ ಕಟ್ಟಿದವರು ಬೇರೆ

ಅದು ದಸರೆಯ ದಿನಗಳು. ಎದುರು ಮನೆಯ ಮಾಮ್ಮಗಾರು, ವಯಸ್ಸು ಎಪ್ಪತ್ತು ದಾಟಿದವರು, ಪ್ರತಿವರ್ಷದಂತೆ ಪುಳಿಹೋರದ ಡಬ್ಬಿ ಹಿಡಿದು ನಮ್ಮ ಗೇಟಿನೊಳಗೆ ಕಾಲಿಟ್ಟರು. ಕೊಳೆತ ಬಾದಾಮಿ ಎಲೆಯ ಮೇಲೆ ಕಾಲು ಜಾರಿ ಬಿದ್ದರು. ಬಲಗೈ ಮಣಿಕಟ್ಟಿನ ಮೂಳೆ ಮುರಿಯಿತು. ಆಸ್ಪತ್ರೆಗೆ ಕರೆದೊಯ್ಯುವಾಗ ಆಟೋದಲ್ಲಿ ನಾನು ಕ್ಷಮೆ ಕೇಳಿದರೆ, ‘ಮಳೆಗಾಲ, ಏನು ಮಾಡುವುದು ನಾಯನಾ’ ಎಂದು ನನ್ನನ್ನೇ ಸಮಾಧಾನಪಡಿಸಿದರು. ಆರು ವಾರ ಕೈಗೆ ಕಟ್ಟು. ದೀಪಾವಳಿಗೆ ಅವರ ಮನೆ ಮುಂದೆ ಮುಗ್ಗು ಬೀಳಲಿಲ್ಲ. ಮೂವತ್ತು ವರ್ಷ ಬಡ್ಡಿ ಲೆಕ್ಕ ಹಾಕಿದ ನನಗೆ ಅಂದು ಒಂದು ವಿಷಯ ಹೊಸದಾಗಿ ತಿಳಿಯಿತು. ಸಾಲ ಮಾಡಿದವನು ಒಬ್ಬ, ಬಡ್ಡಿ ಕಟ್ಟುವವನು ಇನ್ನೊಬ್ಬನಾಗಬಹುದು.

ಆ ಸಂಜೆ ಗುಡಿಸಲು ಕುಳಿತರೆ ಹತ್ತು ನಿಮಿಷದ ಕೆಲಸ ಮೂರು ತಾಸು ಹಿಡಿಯಿತು. ಒಣಗಿದ್ದಾಗ ಹಗುರವಾಗಿದ್ದ ಎಲೆ ನೀರು ಕುಡಿದು ಭಾರವಾಗಿ, ನೆಲಕ್ಕೆ ಅಂಟಿಕೊಂಡಿತ್ತು. ತಾರಸಿಯ ನೀರು ಇಳಿಯುವ ಕೊಳವೆಯ ಬಾಯಿಯೂ ಎಲೆಯಿಂದ ಮುಚ್ಚಿತ್ತು. ವಿಶಾಖಪಟ್ಟಣಕ್ಕೆ ಅಕ್ಟೋಬರ್ ದೊಡ್ಡ ಮಳೆಯ ತಿಂಗಳು, ಚಂಡಮಾರುತದ ಕಾಲ. ಬೀದಿಯ ಚರಂಡಿಗೂ ಇದೇ ಮಾತು ಅನ್ವಯಿಸುತ್ತದೆ. 2024ರ ಸೆಪ್ಟೆಂಬರ್ ಮೊದಲ ದಿನಗಳಲ್ಲಿ ಬುಡಮೇರು ಉಕ್ಕಿ ವಿಜಯವಾಡದ ಸಿಂಗ್ ನಗರ ಮುಳುಗಿದ್ದು ಎಲೆಯಿಂದಲ್ಲ, ನಿಜ. ಆದರೆ ಚಿಕ್ಕ ಮಳೆಗೂ ನಮ್ಮ ಗಲ್ಲಿಯಲ್ಲಿ ಮೊಣಕಾಲುದ್ದ ನೀರು ನಿಂತರೆ, ಮೊದಲು ನೋಡಬೇಕಾದ್ದು ಚರಂಡಿಯ ಜಾಲರಿಯನ್ನು.

ಈ ಊರಿನವರು ಕಸ ತೆಗೆಯಲು ಹಿಂದೆ ಮುಂದೆ ನೋಡದ ಕಾಲವೂ ಒಂದಿತ್ತು. 2014ರ ಅಕ್ಟೋಬರ್ 12ರ ಭಾನುವಾರ ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣದ ಮೇಲೆಯೇ ಬಡಿಯಿತು. ಮರಗಳು ಬುಡಸಮೇತ ಉರುಳಿದವು, ನಿಂತ ಮರಗಳಲ್ಲಿ ಎಲೆಯೇ ಉಳಿಯಲಿಲ್ಲ. ವಿದ್ಯುತ್ತಿಲ್ಲ, ಫೋನಿಲ್ಲ. ಅಂದು ಯಾರೂ ‘ರೇಪು’ ಎನ್ನಲಿಲ್ಲ. ಕತ್ತಿ ಪೊರಕೆ ಹಿಡಿದು ಬೀದಿಗಿಳಿದರು. ದೊಡ್ಡ ಆಪತ್ತಿಗೆ ಒಟ್ಟಾಗುವ ನಾವು ದಿನದ ಹತ್ತು ನಿಮಿಷಕ್ಕೆ ಮೈಗಳ್ಳರಾಗುವುದೇಕೋ!

ಸುಡಬೇಡಿ

ರಾಶಿ ಬೆಳೆದ ಮೇಲೆ ಹಲವರು ಕಾಣುವ ಸುಲಭ ದಾರಿ ಬೆಂಕಿಕಡ್ಡಿ. 2016ರ ಘನತ್ಯಾಜ್ಯ ನಿಯಮಗಳು ಕಸ ಸುಡುವುದನ್ನು ನಿಷೇಧಿಸಿ, ತೋಟದ ಕಸವನ್ನು ಬೇರೆಯಾಗಿ ಇಡಲು ಹೇಳಿದವು. ಅದೇ ವರ್ಷ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬಯಲಲ್ಲಿ ಕಸ ಸುಟ್ಟರೆ 5,000 ರೂ., ಭಾರೀ ಪ್ರಮಾಣದಲ್ಲಾದರೆ 25,000 ರೂ. ಪರಿಹಾರ ಕಟ್ಟಬೇಕೆಂದು ಆದೇಶಿಸಿತು. ದಂಡದ ಮಾತು ಹಾಗಿರಲಿ, ಆ ಹೊಗೆ ಮೊದಲು ಹೋಗುವುದು ನೆರೆಮನೆಯ ಉಬ್ಬಸದವರ ಎದೆಗೆ.

ನನ್ನ ಹುಟ್ಟೂರು ಶಿರಸಿ ಕಡೆ. ಅಲ್ಲಿ ಒಣಗಿದೆಲೆಗೆ ‘ದರಕು’ ಎನ್ನುತ್ತಾರೆ. ಬ್ರಿಟಿಷರ ಕಾಲದಲ್ಲೇ ಘಟ್ಟದ ಮೇಲೆ 1 ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟಿದ್ದರೆಂದರೆ ಎಲೆಯ ಬೆಲೆ ಎಷ್ಟೆಂದು ತಿಳಿಯಬಹುದು. ಬೇಸಿಗೆಯಲ್ಲಿ ದರಕು ಗುಡಿಸಿ ಹೊತ್ತು ತರುವುದು, ಕೊಟ್ಟಿಗೆಯಲ್ಲಿ ದನದ ಕಾಲಡಿಗೆ ಹಾಸುವುದು, ಅದೇ ಗೊಬ್ಬರವಾಗಿ ತೋಟಕ್ಕೆ ಹೋಗುವುದು. ತಡಮಾಡಿದರೆ ಮಳೆ ಹಿಡಿದು ದರಕು ಕೈಬಿಡುತ್ತಿತ್ತು. ಅಲ್ಲಿ ಆಸ್ತಿಯಾಗಿದ್ದದ್ದು ಇಲ್ಲಿ ನನಗೆ ಕಸವಾಗಿತ್ತು.

ಈಗ ಅಂಗಳದ ಮೂಲೆಯಲ್ಲಿ ಒಂದು ಹಳೆಯ ಡ್ರಮ್ಮಿಗೆ ತೂತು ಕೊರೆಸಿ ಇಟ್ಟಿದ್ದೇವೆ. ಎಲೆಯನ್ನು ಮುರಿದು ಒಂದು ಪದರ, ಮೇಲೆ ತರಕಾರಿ ಸಿಪ್ಪೆ, ಒಂದು ಹಿಡಿ ಮಣ್ಣು, ಸ್ವಲ್ಪ ಹುಳಿ ಮಜ್ಜಿಗೆ. ಒದ್ದೆಬಟ್ಟೆ ಹಿಂಡಿದಷ್ಟು ತೇವ ಇರಬೇಕು, ಆಗಾಗ ತಿರುವಬೇಕು. ಬಾದಾಮಿ ಎಲೆ ದಪ್ಪ, ನಿಧಾನವಾಗಿ ಕೊಳೆಯುತ್ತದೆ. ಇಡಿಯಾಗಿ ಹಾಕಿದರೆ ಇನ್ನೂ ತಡ. ಕೆಲವು ತಿಂಗಳಲ್ಲಿ ಕಪ್ಪು ಗೊಬ್ಬರ ಸಿಗುತ್ತದೆ. ಮಹಡಿ ಮನೆಯಲ್ಲಿರುವವರು ನಾಲ್ಕು ಕುಟುಂಬ ಸೇರಿ ಒಂದು ಡ್ರಮ್ಮು ಇಟ್ಟುಕೊಳ್ಳಬಹುದು.

ನಮ್ಮ ಸಂಘದ ಹಲವರ ಮಕ್ಕಳು ಅಮೆರಿಕದಲ್ಲಿದ್ದಾರೆ. ಅಲ್ಲಿ ಅಕ್ಟೋಬರ್ ನವೆಂಬರಿನಲ್ಲಿ ಮನೆಯಂಗಳದ ಎಲೆ ಬಾಚಿ ಚೀಲ ತುಂಬುವುದು ಅವರಿಗೆ ಅಭ್ಯಾಸವಾಗಿದೆ. ಹಿರಿಯರಾದ ನಾವು ಅವರಿಂದ ಕಲಿತರೆ ಅವಮಾನವಿಲ್ಲ.

ಮಾಮ್ಮಗಾರು ಈಗ ಮತ್ತೆ ಮುಗ್ಗು ಹಾಕುತ್ತಾರೆ, ಗೆರೆ ಮೊದಲಿನಷ್ಟು ನೇರವಾಗಿ ಬರುವುದಿಲ್ಲ. ಮೊದಲ ಬುಟ್ಟಿ ಗೊಬ್ಬರವನ್ನು ಅವರ ತುಳಸಿಕಟ್ಟೆಗೆ ಕೊಟ್ಟೆವು. ಬೆಳಿಗ್ಗೆ ಆರಕ್ಕೆ ನಾನು ಕಡ್ಡಿಪೊರಕೆ ಹಿಡಿದು ಹೊರಗೆ ಬಂದು ಮೊದಲು ಅವರ ಗೇಟಿನ ಮುಂದೆ ಗುಡಿಸಿ, ಆಮೇಲೆ ನಮ್ಮ ಅಂಗಳಕ್ಕೆ ಬರುತ್ತೇನೆ.