ಹೋಬಳಿಯ ಬಾಗಿಲಲ್ಲಿ ಸರ್ಕಾರ

ಮಗಳ ಹಾಸ್ಟೆಲ್ ಅರ್ಜಿಗೆ ಜಾತಿ, ಆದಾಯ ಪ್ರಮಾಣಪತ್ರ, ಬೆಳೆಸಾಲಕ್ಕೆ ಪಹಣಿ, ಅಜ್ಜಿಗೆ ಸಂಧ್ಯಾ ಸುರಕ್ಷಾ ಪಿಂಚಣಿ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನ ಹಚ್ಚೊಳ್ಳಿ ಹೋಬಳಿಯ ಜನ ಇವಕ್ಕೆಲ್ಲ ಹೋಗುವುದು ನಾಡಕಚೇರಿಗೆ.

1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವವರೆಗೆ ಬಳ್ಳಾರಿ ಮದ್ರಾಸಿನಲ್ಲಿತ್ತು. ಹೊಲದ ಲೆಕ್ಕವೆಲ್ಲ ಕರಣಂ ಕೈಯಲ್ಲಿ. ಆಮೇಲೆ ಗ್ರಾಮ ಲೆಕ್ಕಿಗರು ಬಂದರೂ ರೈತ ಅವರ ದಾರಿ ಕಾಯುವುದು ತಪ್ಪಲಿಲ್ಲ. ‘ಭೂಮಿ’ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, 15 ರೂಪಾಯಿಗೆ ಪ್ರತಿ ಕೊಡತೊಡಗಿತು. ಆದರೆ ಆ ಕೌಂಟರ್ ಇದ್ದದ್ದು ತಾಲ್ಲೂಕು ಕಚೇರಿಯಲ್ಲಿ. 2012ರ ಕೊನೆಗೆ ಶುರುವಾದ ಅಟಲ್‌ಜಿ ಜನಸ್ನೇಹಿ ಕೇಂದ್ರಗಳಿಂದ ಈ ಸೇವೆ ಹೋಬಳಿಯ ನಾಡಕಚೇರಿಯಲ್ಲೇ ಸಿಗುವಂತಾಯಿತು.

ಇಲ್ಲಿ ಅರ್ಜಿ ಕೊಟ್ಟರೆ ಗ್ರಾಮ ಆಡಳಿತ ಅಧಿಕಾರಿ ಪರಿಶೀಲಿಸುತ್ತಾರೆ, ಕಂದಾಯ ನಿರೀಕ್ಷಕರು ನೋಡುತ್ತಾರೆ, ಉಪತಹಶೀಲ್ದಾರರ ಡಿಜಿಟಲ್ ಸಹಿ ಬೀಳುತ್ತದೆ. ಮನೆಮನೆಯ ವಿವರ ಮೊದಲೇ ಕಂಪ್ಯೂಟರಿನಲ್ಲಿದ್ದರೆ ಪ್ರಮಾಣಪತ್ರ ನಿಂತಲ್ಲೇ ಸಿಗಬಹುದು. ಆದಾಯ ಪತ್ರ ಐದು ವರ್ಷ ನಡೆಯುತ್ತದೆ. ಇದು ಗೊತ್ತಿಲ್ಲದೆ ವರ್ಷವರ್ಷವೂ ಸಾಲಿನಲ್ಲಿ ನಿಲ್ಲುವ ತಾಯಂದಿರಿಗೆ ಯಾರಾದರೂ ಹೇಳಬೇಕು.

ಅರ್ಜಿ ಕೊಟ್ಟಾಗ ಸಿಗುವ ಸ್ವೀಕೃತಿ ಚೀಟಿಯನ್ನು ಮಾತ್ರ ಬಿಟ್ಟು ಬರಬಾರದು. ಅದರಲ್ಲಿ ಸಕಾಲ ಸಂಖ್ಯೆ ಇರುತ್ತದೆ. ಸೇವೆಗಳಿಗೆ ಗಡುವು ಹಾಕುವ 2011ರ ಸಕಾಲ ಕಾಯ್ದೆ 2012ರ ಏಪ್ರಿಲ್‌ನಿಂದ ರಾಜ್ಯವಿಡೀ ಜಾರಿಯಲ್ಲಿದೆ. ಗಡುವು ಮೀರಿದರೆ ಮೇಲ್ಮನವಿ ಸಲ್ಲಿಸಬಹುದು, ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೇಳಬಹುದು. ಮೊತ್ತ ಚಿಕ್ಕದು, ನಿಜ. ಆದರೂ ‘ನಾಳೆ ಬಾ’ ಎಂದವರನ್ನು ‘ಯಾವ ತಾರೀಕಿಗೆ?’ ಎಂದು ಕೇಳುವ ಅಧಿಕಾರ ಕೂಲಿಯ ಹೆಣ್ಣುಮಗಳಿಗೂ ಇದೆ ಎಂಬುದು ನನಗೆ ಬಹಳ ದೊಡ್ಡ ಸಂಗತಿ.

ಗಡಿಯ ತೊಡಕು ಬೇರೆಯೇ. 1953ರಲ್ಲಿ ಆದೋನಿ, ಆಲೂರು ಆಂಧ್ರಕ್ಕೆ ಹೋದವು, ಬೀಗತನ ನಿಲ್ಲಲಿಲ್ಲ. ಆ ಕಡೆಯಿಂದ ಬಂದ ಸೊಸೆಯ ಶಾಲಾ ದಾಖಲೆ ತೆಲುಗಿನಲ್ಲಿರುತ್ತದೆ. ಅದನ್ನು ಓದಿ, ಇನ್ನೇನು ತರಬೇಕೆಂದು ಒಂದೇ ಸಲಕ್ಕೆ ಹೇಳುವವರು ಕಿಟಕಿಯಲ್ಲಿದ್ದರೆ ಎರಡು ಮೂರು ಓಡಾಟ ಉಳಿಯುತ್ತದೆ.

ಹಳ್ಳಿಯಲ್ಲೇ ಅರ್ಜಿ ಹಾಕಲೆಂದು 2022ರ ಜನವರಿ 26ರಂದು ಆರಂಭವಾದ ಗ್ರಾಮ ಒನ್ ಕೇಂದ್ರಗಳಿಗೆ ಬೆಳಿಗ್ಗೆ 8ರಿಂದ ರಾತ್ರಿ 8ರ ವೇಳೆ ನಿಗದಿಯಾಯಿತು. ಭತ್ತದ ನಾಟಿಗೆ ಹೋಗುವವರು ಕೆಲಸ ಮುಗಿಸಿಯೂ ಅರ್ಜಿ ಹಾಕಬಹುದು. ಇನ್ನು ಪರಿಶೀಲನೆಯೂ ಅವರ ಹೊತ್ತಿಗೆ ಹೊಂದಬೇಕು: ವಾರದಲ್ಲಿ ಒಂದು ಸಂಜೆ ಗ್ರಾಮ ಆಡಳಿತ ಅಧಿಕಾರಿ ಪಂಚಾಯಿತಿ ಕಟ್ಟೆಯಲ್ಲಿ ಸಿಗುವುದು, ಆ ದಿನ ಮತ್ತು ಹೊತ್ತನ್ನು ಗೋಡೆಯ ಮೇಲೆ ಬರೆಸುವುದು.