ಹೆದ್ದಾರಿಯಲ್ಲಿ ಸೋಲುವ ಗಾಡಿ

ಆರೋಗ್ಯವಾಗಿಯೇ ಕಾಣುವ ಕೆಲವರು ಬೆಟ್ಟದ ಮೆಟ್ಟಿಲು ಹತ್ತುವಾಗ ಮಾತ್ರ ಏದುಸಿರು ಬಿಡುತ್ತಾರೆ. ಮನೆಯಲ್ಲಿ ಓಡಾಡುವಾಗ ಅವರಿಗೆ ಯಾವ ತೊಂದರೆಯೂ ಕಾಣುವುದಿಲ್ಲ. ವಾಹನಗಳಿಗೂ ಇಂಥದೊಂದು ಕಾಯಿಲೆ ಉಂಟು. ಊರೊಳಗಿನ ಬೀದಿಗಳಲ್ಲಿ ಸರಾಗವಾಗಿ ಓಡುವ ಗಾಡಿ, ಹೆದ್ದಾರಿಗೆ ಬಂದು ವೇಗ ಹಿಡಿದ ಮೇಲೆ ಸೋಲುತ್ತದೆ. ‘ಪಿಕಪ್ ಇಲ್ಲ’ ಎಂಬುದು ಇದಕ್ಕೆ ಗ್ಯಾರೇಜಿನ ಮಾತು. ಈ ಕಾಯಿಲೆಯ ಮೂಲವನ್ನು ಹುಡುಕುವ ಬಗೆಯನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ರಾಜಾಜಿನಗರದ ಒಬ್ಬ ಮೇಸ್ತ್ರಿಯಿಂದ.

1996ರ ಬೇಸಿಗೆ. ನನ್ನಲ್ಲಿ ಕಾರ್ಬ್ಯುರೇಟರಿನ ಹಳೆಯ ಕಾರೊಂದಿತ್ತು. ವೃದ್ಧೆಯಾದ ತಾಯಿಯವರನ್ನು ಹಿಂದಿನ ಆಸನದಲ್ಲಿ ಕೂರಿಸಿಕೊಂಡು ತುಮಕೂರಿಗೆ ಹೊರಟಿದ್ದೆ. ಯಶವಂತಪುರ, ಪೀಣ್ಯ, ನೆಲಮಂಗಲಗಳನ್ನು ದಾಟುವವರೆಗೆ ಯಾವ ಕೊರತೆಯೂ ಇರಲಿಲ್ಲ. ಅಲ್ಲಿಂದ ಮುಂದೆ ಲಾರಿಯೊಂದನ್ನು ಹಿಂದೆ ಹಾಕಲು ಬಲಕ್ಕೆ ಸರಿದು ಕಾಲು ಒತ್ತಿದೆ. ಅರ್ಧ ಲಾರಿ ದಾಟುವಷ್ಟರಲ್ಲಿ ಗಾಡಿ ಮುಗ್ಗರಿಸಿ ನಿಧಾನವಾಯಿತು. ಎದುರಿನಿಂದ ಬಸ್ಸು ಬರುತ್ತಿತ್ತು. ಲಾರಿಯ ಚಾಲಕ ತಾನೇ ಎಡಕ್ಕೆ ಸರಿದು, ಬ್ರೇಕು ಹಾಕಿ, ನಮಗೆ ಜಾಗ ಬಿಟ್ಟುಕೊಟ್ಟ. ಅವನ ಮುಖವನ್ನೂ ನಾನು ಸರಿಯಾಗಿ ನೋಡಲಿಲ್ಲ. ತಾಯಿಯವರು ಆ ದಿನ ಮತ್ತೆ ಮಾತನಾಡಲಿಲ್ಲ.

ರಸ್ತೆಯ ಬದಿಯಲ್ಲಿ ಹತ್ತು ನಿಮಿಷ ನಿಲ್ಲಿಸಿದ ಮೇಲೆ ಗಾಡಿ ಏನೂ ಆಗದಂತೆ ಹೊರಟಿತು. ಊರಿಗೆ ಮರಳಿ ಒಂದು ಗ್ಯಾರೇಜಿಗೆ ಕೊಟ್ಟೆ. ಅವರು ಪ್ಲಗ್ಗುಗಳನ್ನು ಬದಲಾಯಿಸಿದರು. ಹೊಸ ಪೆಟ್ರೋಲ್ ಪಂಪನ್ನೂ ಹಾಕಿದರು. ನವರಂಗ್ ಚಿತ್ರಮಂದಿರದ ಸುತ್ತ ಎರಡು ಬಾರಿ ಓಡಿಸಿ, ಸರಿಯಾಗಿದೆ ಎಂದರು. ಹೌದು, ಅಲ್ಲಿ ಸರಿಯಾಗಿಯೇ ಇತ್ತು. ಮುಂದಿನ ವಾರ ನೆಲಮಂಗಲ ದಾಟುತ್ತಲೇ ಮತ್ತೆ ಅದೇ ಕಥೆ.

ಊರಲ್ಲಿ ಕಾಣದ ದೋಷ ಹೆದ್ದಾರಿಯಲ್ಲಿ ಕಾಣುವುದೇಕೆ? ಉತ್ತರ ಗಾಳಿಯಲ್ಲಿದೆ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. ಆ ತಡೆಯನ್ನು ಭೇದಿಸಲು ಬೇಕಾದ ಶಕ್ತಿ ಎಂಟರಷ್ಟಾಗುತ್ತದೆ. ಗಂಟೆಗೆ 40 ಕಿಲೋಮೀಟರಿನಲ್ಲಿ ಗುಟುಕರಿಸುತ್ತಿದ್ದ ಎಂಜಿನ್ನು 80ರಲ್ಲಿ ಗಟಗಟನೆ ಕುಡಿಯಬೇಕು. ಕುಡಿಯುವುದೆಂದರೆ ಪೆಟ್ರೋಲನ್ನು ಮಾತ್ರವಲ್ಲ. ಒಂದು ಲೀಟರ್ ಪೆಟ್ರೋಲು ಉರಿಯಲು ಸುಮಾರು ಹತ್ತು ಸಾವಿರ ಲೀಟರಿನಷ್ಟು ಗಾಳಿ ಬೇಕು. ಉರಿದ ಹೊಗೆ ಅಷ್ಟೇ ಬೇಗ ಹೊರಗೆ ಹೋಗಬೇಕು. ಇಂಧನ ಬರುವ ದಾರಿ, ಗಾಳಿ ಬರುವ ದಾರಿ, ಹೊಗೆ ಹೋಗುವ ದಾರಿ, ಈ ಮೂರರಲ್ಲಿ ಎಲ್ಲಿ ಅರ್ಧ ಅಡಚಣೆಯಿದ್ದರೂ ನಿಧಾನವಾಗಿ ಹೋಗುವಾಗ ತಿಳಿಯುವುದಿಲ್ಲ. ವೇಗ ಹೆಚ್ಚಿದಾಗ ಮಾತ್ರ ತಿಳಿಯುತ್ತದೆ.

ಕೊನೆಗೆ ಸ್ನೇಹಿತರೊಬ್ಬರು ರಾಜಾಜಿನಗರದ ಕೈಗಾರಿಕಾ ಬಡಾವಣೆಯ ಹಿಂದಿನ ಗಲ್ಲಿಯೊಂದಕ್ಕೆ ನನ್ನನ್ನು ಕಳುಹಿಸಿದರು. ತಗಡಿನ ಮಾಡಿನ ಕೆಳಗೆ ಕುಳಿತಿದ್ದ ಆ ಹಿರಿಯ ಮೇಸ್ತ್ರಿ ಬಾನೆಟ್ಟನ್ನು ತೆರೆಯಲೇ ಇಲ್ಲ. “ಕೂತ್ಕೊಳ್ಳಿ ಸ್ವಾಮಿ, ಮೊದಲು ಗಾಡಿ ಕಥೆ ಹೇಳಿ” ಎಂದರು.

ಅವರ ಮೊದಲ ಪ್ರಶ್ನೆ: “ಕಾಲು ಒತ್ತಿದಾಗ ಎಂಜಿನ್ ಸದ್ದು ಏರಿ, ಗಾಡಿ ಮಾತ್ರ ಮುಂದೆ ಹೋಗಲ್ವಾ?” ಹಾಗಿದ್ದರೆ ಕ್ಲಚ್ ಜಾರುತ್ತಿದೆ, ಎಂಜಿನ್ನಿನ ತಪ್ಪಿಲ್ಲ ಎಂದು ಅರ್ಥ. ಇಲ್ಲ ಎಂದೆ. “ನಿಲ್ಲಿಸಿದಾಗ ಯಾವುದಾದರೂ ಒಂದು ಚಕ್ರ ಕಾದಿತ್ತಾ?” ಕಾದಿದ್ದರೆ ಬ್ರೇಕು ಬಿಡದೆ ಹಿಡಿಯುತ್ತಿದೆ ಎಂದು ಅರ್ಥ. ಅದೂ ಇಲ್ಲ.

ಅನಂತರ ಅವರು ಒಂದು ಗಡಿಯಾರದಂಥ ಮಾಪಕವನ್ನು ರಬ್ಬರಿನ ಕೊಳವೆಯಿಂದ ಎಂಜಿನ್ನಿಗೆ ಜೋಡಿಸಿದರು. ಎಂಜಿನ್ನು ಗಾಳಿಯನ್ನು ಎಳೆದುಕೊಳ್ಳುವಾಗ ಉಂಟಾಗುವ ನಿರ್ವಾತವನ್ನು ಅಳೆಯುವ ಸಾಧನ ಅದು. ಸುಮ್ಮನೆ ಓಡುತ್ತಿರುವ ಒಳ್ಳೆಯ ಎಂಜಿನ್ನಿನಲ್ಲಿ ಪಾದರಸದ 17ರಿಂದ 21 ಅಂಗುಲ ತೋರಬೇಕೆಂದು ಪುಸ್ತಕಗಳು ಹೇಳುತ್ತವೆ. ನನ್ನ ಗಾಡಿ ತೋರಿದ್ದು 16. ನಾನು ಗಾಬರಿಯಾದೆ. ಮೇಸ್ತ್ರಿ ನಕ್ಕರು: “ಪುಸ್ತಕ ಬರೆದೋರು ಸಮುದ್ರದ ಪಕ್ಕ ಕೂತು ಬರೆದದ್ದು. ನಾವು ಮೂರು ಸಾವಿರ ಅಡಿ ಮೇಲಿದ್ದೀವಿ.” ಸಾವಿರ ಅಡಿ ಏರಿದಂತೆ ಈ ಅಳತೆ ಸುಮಾರು ಒಂದು ಅಂಗುಲ ಇಳಿಯುತ್ತದೆ. ಬೆಂಗಳೂರಿನ ಗಾಳಿ ಕಡಲತೀರದ ಗಾಳಿಗಿಂತ ಸುಮಾರು ನೂರಕ್ಕೆ ಹತ್ತರಷ್ಟು ತೆಳು. ಇದನ್ನು ಅರಿಯದವನು ಇಲ್ಲಿಯ ಆರೋಗ್ಯವಂತ ಎಂಜಿನ್ನನ್ನೇ ರೋಗಿಯೆಂದುಕೊಂಡಾನು.

ಎಂಜಿನ್ನಿನ ಸುತ್ತುಗಳನ್ನು ನಿಮಿಷಕ್ಕೆ 2500ಕ್ಕೆ ಏರಿಸಿ ಹಿಡಿದರು. ಮುಳ್ಳು ಸ್ಥಿರವಾಗಿ ನಿಂತಿತು. ಸೈಲೆನ್ಸರಿನಲ್ಲಿ ಅಡಚಣೆಯಿದ್ದರೆ ಹೊಗೆ ಹಿಂದಕ್ಕೆ ಒತ್ತಿ ಆ ಮುಳ್ಳು ಮೆಲ್ಲಮೆಲ್ಲನೆ ಇಳಿಯುತ್ತಿತ್ತು. ಹೊಗೆಯ ದಾರಿ ಸರಿ. ಏರ್ ಫಿಲ್ಟರೂ ಶುಭ್ರವಾಗಿತ್ತು. ಉಳಿದದ್ದು ಇಂಧನದ ದಾರಿ.

“ವೇಗ ಹಿಡಿದ ಮೊದಲ ನಿಮಿಷದಲ್ಲೇ ಸೋಲುತ್ತಾ, ಅರ್ಧ ಗಂಟೆ ಆದ ಮೇಲಾ?” ಎಂದು ಮೇಸ್ತ್ರಿ ಕೇಳಿದರು. ಅರ್ಧ ಗಂಟೆಯ ಮೇಲೆ ಎಂದೆ. ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದೇ. ಫಿಲ್ಟರು ಕಟ್ಟಿಕೊಂಡಿದ್ದರೆ ವೇಗ ಹಿಡಿದಾಗಲೆಲ್ಲ ತೊಂದರೆ ತೋರಬೇಕು. ಅರ್ಧ ಗಂಟೆ ಕಾದು ತೋರುವ, ಹತ್ತು ನಿಮಿಷದ ವಿಶ್ರಾಂತಿಯಿಂದ ಮಾಯವಾಗುವ ದೋಷವೆಂದರೆ ಏನೋ ಒಂದು ಮೆಲ್ಲಗೆ ಕೂಡಿಕೊಳ್ಳುತ್ತಿದೆ, ನಿಂತಾಗ ಕರಗುತ್ತಿದೆ. ಅದು ಶಾಖವಿರಬಹುದು, ಟ್ಯಾಂಕಿನ ತಳದ ಕಸವಿರಬಹುದು.

ಆಮೇಲೆ ಅವರು ಕೇಳಿದರು: “ಇದು ಶುರುವಾಗೋ ಮುಂಚೆ ಗಾಡಿಯಲ್ಲಿ ಏನಾದರೂ ಬದಲಾಯಿಸಿದ್ರಾ?” ಏನೂ ಇಲ್ಲ ಎಂದೆ. “ಸಣ್ಣದು, ಲೆಕ್ಕಕ್ಕೆ ಬಾರದ್ದು?” ಆಗ ನೆನಪಾಯಿತು. ಬಂಕಿನಲ್ಲಿ ಪೆಟ್ರೋಲ್ ಟ್ಯಾಂಕಿನ ಮುಚ್ಚಳವನ್ನು ಮರೆತುಬಂದು, ಅಳತೆಗೆ ಹೊಂದುವ ಬೇರೊಂದನ್ನು ಕೊಂಡು ಹಾಕಿದ್ದೆ.

ಮೇಸ್ತ್ರಿ ಒಳಗಿನಿಂದ ಎಣ್ಣೆಯ ಡಬ್ಬವೊಂದನ್ನು ತಂದರು. ಅದರ ನೆತ್ತಿಯಲ್ಲಿ ಎರಡು ತೂತುಗಳಿದ್ದವು. ಒಂದನ್ನು ಬೆರಳಿನಿಂದ ಮುಚ್ಚಿ ಬಗ್ಗಿಸಿದರು. ಧಾರೆ ತಡವರಿಸಿ ನಿಂತಿತು. ಬೆರಳು ತೆಗೆದರು, ಎಣ್ಣೆ ಸಲೀಸಾಗಿ ಹರಿಯಿತು. ನಮ್ಮ ಅಡಿಗೆಮನೆಗಳಲ್ಲಿ ಎಲ್ಲರೂ ಬಲ್ಲ ಸಂಗತಿ ಇದು. ಎಣ್ಣೆ ಹೊರಬರಲು ಒಂದು ತೂತು ಸಾಲದು, ಗಾಳಿ ಒಳಹೋಗಲು ಇನ್ನೊಂದು ಬೇಕು. ನನ್ನ ಹಳೆಯ ಮುಚ್ಚಳದಲ್ಲಿ ಅಂಥ ಸೂಕ್ಷ್ಮ ರಂಧ್ರವಿತ್ತು, ಹೊಸದರಲ್ಲಿ ಇರಲಿಲ್ಲ. ಊರಲ್ಲಿ ಮೆಲ್ಲಗೆ ಖರ್ಚಾಗುವ ಪೆಟ್ರೋಲಿನ ಜಾಗಕ್ಕೆ ಮುಚ್ಚಳದ ಅಂಚಿನಿಂದ ನುಸುಳುವ ಗಾಳಿಯೇ ಸಾಕಾಗುತ್ತಿತ್ತು. ಹೆದ್ದಾರಿಯಲ್ಲಿ ಅದು ಸಾಲದೆ ಟ್ಯಾಂಕಿನೊಳಗೆ ನಿರ್ವಾತ ಬೆಳೆದು, ಪಂಪು ಎಷ್ಟು ಎಳೆದರೂ ಪೆಟ್ರೋಲು ಬರುತ್ತಿರಲಿಲ್ಲ.

ಊಹೆಯೇ ಸಾಕೆಂದು ಅವರು ಮುಚ್ಚಳ ಬದಲಾಯಿಸಲಿಲ್ಲ. “ಸೋತಾಗ ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ, ಮುಚ್ಚಳ ತೆಗೆದು ಹಾಕಿ ತಕ್ಷಣ ಹೊರಡಿ. ಕಾಯಬೇಡಿ” ಎಂದರು. ಕಾದರೆ ಗಾಡಿ ಹೇಗೂ ಸುಧಾರಿಸುತ್ತದೆ. ಸುಧಾರಿಸಿದ್ದು ಶಾಖ ಇಳಿದದ್ದರಿಂದಲೋ ಗಾಳಿ ಹೊಕ್ಕದ್ದರಿಂದಲೋ ತಿಳಿಯುವುದಿಲ್ಲ. ಹಾಗೆಯೇ ಮಾಡಿದೆ. ಮುಚ್ಚಳ ತಿರುಗಿಸಿದಾಗ ಟ್ಯಾಂಕು ದೀರ್ಘವಾಗಿ ಉಸಿರೆಳೆದುಕೊಂಡ ಸದ್ದು ಕೇಳಿಸಿತು. ಗಾಡಿ ಅಲ್ಲಿಂದ ತುಮಕೂರಿನವರೆಗೆ ತಡವರಿಸಲಿಲ್ಲ.

ಮೋಟಾರಿನ ಮೊದಲ ದೂರಪ್ರಯಾಣದಲ್ಲಿಯೇ ಇಂಥ ತೊಡಕು ಎದುರಾಗಿತ್ತು. 1888ರಲ್ಲಿ ಬರ್ತಾ ಬೆಂಜ್ ಎಂಬ ಮಹಿಳೆ ತನ್ನ ಇಬ್ಬರು ಮಕ್ಕಳೊಡನೆ ಜರ್ಮನಿಯ ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಪತಿಯ ವಾಹನವನ್ನು ಓಡಿಸಿಕೊಂಡು ಹೋದಳು. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಅದನ್ನು ಬಿಡಿಸಿದಳು.

ಇಂದಿನ ಕಾರುಗಳಲ್ಲಿ ಟ್ಯಾಂಕು ಉಸಿರಾಡುವುದು ಇದ್ದಿಲು ತುಂಬಿದ ಡಬ್ಬಿಯ ಮತ್ತು ಕವಾಟದ ಮೂಲಕ. ಎಂಜಿನ್ನಿನ ದೂರನ್ನು ಗಣಕಯಂತ್ರವೇ ಸಂಕೇತದಲ್ಲಿ ಹೇಳುತ್ತದೆ. ಆದರೆ ‘ಇಂಧನ ಸಾಲದು’ ಎಂದು ಅದು ಹೇಳಬಲ್ಲುದೇ ಹೊರತು, ಪಂಪೋ ಫಿಲ್ಟರೋ ಕವಾಟವೋ ಎಂಬುದನ್ನು ಮನುಷ್ಯನೇ ಹುಡುಕಬೇಕು. ಯಾವಾಗ ಆಗುತ್ತದೆ, ಎಷ್ಟು ಹೊತ್ತಿನ ಮೇಲೆ, ಅದಕ್ಕೆ ಮುಂಚೆ ಏನು ಬದಲಾಯಿತು ಎಂಬ ಪ್ರಶ್ನೆಗಳಿಗೆ ಇಂದಿಗೂ ಮುಪ್ಪು ಬಂದಿಲ್ಲ. ಮೂಲ ಸಿಗುವವರೆಗೆ ಅಂಥ ಗಾಡಿಯಲ್ಲಿ ಯಾರನ್ನೂ ಹಿಂದೆ ಹಾಕಲು ಹೋಗಬಾರದೆಂಬುದನ್ನು ನಾನು ಬೇರೆ ಹೇಳಬೇಕಾಗಿಲ್ಲ.

ಮೊದಲಿನ ಗ್ಯಾರೇಜಿನವರಿಂದ ಹೊಸ ಪಂಪಿನ ಹಣವನ್ನು ಹಿಂದಕ್ಕೆ ಕೇಳಬೇಕೆಂದು ನಾನು ಎಷ್ಟೋ ಮಾತುಗಳನ್ನು ಕೂಡಿಟ್ಟುಕೊಂಡಿದ್ದೆ. ಕೇಳಲು ಹೋಗಲಿಲ್ಲ. ಮುಚ್ಚಳದ ವಿಷಯವನ್ನು ಅವರು ಕೇಳಿರಲಿಲ್ಲ, ನಿಜ, ನಾನೂ ಹೇಳಿರಲಿಲ್ಲ. ಜಾಗ ಬಿಟ್ಟುಕೊಟ್ಟ ಆ ಲಾರಿಯವನಿಗೆ ಒಂದು ಮಾತು ಹೇಳಬೇಕೆನ್ನಿಸುತ್ತದೆ. ಆದರೆ ಅವನು ಯಾರೆಂದು ನನಗೆ ತಿಳಿಯದು.