ಹಾಜರಿ ಪುಸ್ತಕವಿಲ್ಲದ ದುಡಿಮೆ

ನಾನು ಹುಟ್ಟಿ ಬೆಳೆದದ್ದು ಚಾಮರಾಜಪೇಟೆಯಲ್ಲಿ. ಅರವತ್ತರ ದಶಕದಲ್ಲಿ ನಮ್ಮ ವಠಾರದವರು ಗಡಿಯಾರ ಸರಿಪಡಿಸಿಕೊಳ್ಳುತ್ತಿದ್ದುದು ಬಿನ್ನಿ ಮಿಲ್ಲಿನ ಸೈರನ್ ಕೇಳಿ. ಎದುರು ಮನೆಯ ಯಜಮಾನರು ಆ ಮಿಲ್ಲಿನಲ್ಲಿ ನೇಯ್ಗೆಯ ಕೆಲಸಕ್ಕಿದ್ದರು. ಸಂಬಳ ದೊಡ್ಡದೇನಲ್ಲ. ಆದರೆ ಕಾಯಿಲೆ ಬಿದ್ದರೆ ಇಎಸ್‌ಐ ಆಸ್ಪತ್ರೆಯಿತ್ತು, ನಿವೃತ್ತಿಯ ಕಾಲಕ್ಕೆ ಭವಿಷ್ಯನಿಧಿಯಿತ್ತು, ತಕರಾರು ಬಂದರೆ ಯೂನಿಯನ್ ಇತ್ತು. ಈ ಮೂರನ್ನು ನಂಬಿ ಅವರು ಮೂವರು ಮಕ್ಕಳನ್ನು ಓದಿಸಿದರು. ಮಿಲ್ ಮುಚ್ಚಿ ದಶಕಗಳೇ ಕಳೆದಿವೆ. ಆ ನೆಲದಲ್ಲಿ ಈಗ ಬಹುಮಹಡಿ ವಸತಿ ಸಮುಚ್ಚಯ ನಿಂತಿದೆ.

ನಿವೃತ್ತಿಯ ನಂತರ ನಾನು ಬಸವನಗುಡಿಯಲ್ಲಿ ನೆಲೆಸಿದ್ದೇನೆ. 2024ರ ಮಳೆಗಾಲದ ಒಂದು ಸಂಜೆ ಮನೆಗೆ ಔಷಧಿ ತಂದುಕೊಟ್ಟ ಯುವಕನ ಕೈಗೆ ಬ್ಯಾಂಡೇಜು ಸುತ್ತಿತ್ತು. ವಿಚಾರಿಸಿದಾಗ ತಿಳಿದದ್ದು: ಕೆಲವು ವಾರಗಳ ಹಿಂದೆ, ಬೇರೊಂದು ಕಂಪನಿಯ ಊಟದ ಪೊಟ್ಟಣ ಒಯ್ಯುವಾಗ ಬೈಕು ಜಾರಿ ಬಿದ್ದಿದ್ದ. ಹತ್ತು ದಿನ ಮಲಗಿ ಎದ್ದು ನೋಡಿದರೆ ಮೊಬೈಲಿನಲ್ಲಿ ಅವನ ಖಾತೆಯೇ ಸ್ಥಗಿತಗೊಂಡಿತ್ತು. ಕಾರಣ ತಿಳಿಸಿರಲಿಲ್ಲ. ದೂರು ಬರೆದರೆ ಯಂತ್ರ ಕಳಿಸಿದ ಸಿದ್ಧ ಉತ್ತರವಷ್ಟೇ ಬಂತು. 'ಸಾರ್, ನೀವು ಸರ್ಕಾರದಲ್ಲಿದ್ದವರಂತೆ. ಯಾರನ್ನು ಹೋಗಿ ಕೇಳಬೇಕು?' ಎಂದು ಅವನು ಕೇಳಿದ. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿ, ಮೂರು ದಶಕಗಳಿಗೂ ಹೆಚ್ಚು ಕಾಲ ಕಡತಗಳ ನಡುವೆ ಕಳೆದ ನನ್ನಲ್ಲಿ ಆ ದಿನ ಉತ್ತರವಿರಲಿಲ್ಲ.

ನಮ್ಮ ಕಾರ್ಮಿಕ ಕಾನೂನುಗಳ ತಳಹದಿ ಕಾರ್ಖಾನೆಯ ಗೇಟು. 1948ರ ಕಾರ್ಖಾನೆ ಕಾಯ್ದೆ, ಅದೇ ವರ್ಷದ ಇಎಸ್‌ಐ ಕಾಯ್ದೆ, 1952ರ ಭವಿಷ್ಯನಿಧಿ ಕಾಯ್ದೆ ಇವೆಲ್ಲವೂ ಒಬ್ಬ ಮಾಲೀಕ, ಒಂದು ಹಾಜರಿ ಪುಸ್ತಕ, ಒಂದು ವೇತನ ಪಟ್ಟಿ ಇರುತ್ತದೆಂದು ಭಾವಿಸಿಯೇ ರೂಪುಗೊಂಡವು. ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್‌ಗಳ ಬೆಂಗಳೂರಿಗೆ ಆ ಭಾವನೆ ಒಪ್ಪುತ್ತಿತ್ತು. 1980–81ರ ಸಾರ್ವಜನಿಕ ವಲಯದ ದೀರ್ಘ ಮುಷ್ಕರವನ್ನು ಕಂಡವರಿಗೆ ಗೇಟಿನ ಒಳಗಿದ್ದವರ ಸಂಘಟಿತ ಶಕ್ತಿ ಎಷ್ಟೆಂಬುದು ನೆನಪಿದ್ದೀತು. ಆದರೆ ಅಂದೂ ಗೇಟಿನ ಹೊರಗಿದ್ದವರೇ ಹೆಚ್ಚು. ಊದುಬತ್ತಿ ಹೊಸೆಯುವ ಹೆಂಗಸರು, ಸಿಟಿ ಮಾರ್ಕೆಟ್ಟಿನ ಹಮಾಲರು, ಕಟ್ಟಡದ ಕೂಲಿಗಳು ಯಾವ ಪುಸ್ತಕದಲ್ಲೂ ಇರಲಿಲ್ಲ.

1991ರ ಸುಧಾರಣೆಗಳು ಬಂದಾಗ ನಾನು ಕಿರಿಯ ಅಧಿಕಾರಿ. ಲೈಸೆನ್ಸ್ ರಾಜ್ಯದ ವಿಳಂಬವನ್ನು ಒಳಗಿನಿಂದಲೇ ಕಂಡಿದ್ದೆನಾದ್ದರಿಂದ ಅವುಗಳನ್ನು ಮನಸಾರೆ ಸ್ವಾಗತಿಸಿದೆ. ಇಂದೂ ಆ ನಿಲುವನ್ನು ಬದಲಿಸಿಲ್ಲ. ಆದರೆ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕಾರ್ಮಿಕ ಸುಧಾರಣೆ ಎಂದರೆ ನೌಕರರನ್ನು ಸುಲಭವಾಗಿ ತೆಗೆದುಹಾಕುವ ಅನುಕೂಲವೆಂದೇ ನಮ್ಮಂಥವರು ತಿಳಿದೆವು. ವಿರೋಧಿಸಿದವರು ಗೇಟಿನ ಒಳಗಿದ್ದವರ ರಕ್ಷಣೆಯನ್ನೇ ಎಲ್ಲ ದುಡಿಯುವವರ ರಕ್ಷಣೆಯೆಂದು ವಾದಿಸಿದರು. ಹೊರಗಿದ್ದವರನ್ನು ಇಬ್ಬರೂ ಮರೆತೆವು. ಅದರ ಫಲ ಅಂಕಿಅಂಶಗಳಲ್ಲಿದೆ. 2023–24ರ ಶ್ರಮಶಕ್ತಿ ಸಮೀಕ್ಷೆಯ ಪ್ರಕಾರ ದೇಶದ ದುಡಿಯುವವರಲ್ಲಿ ನಿಯತ ಸಂಬಳದವರು ಶೇ 21.7 ಮಾತ್ರ. ಅವರಲ್ಲಿಯೂ ಅರ್ಧಕ್ಕಿಂತ ಹೆಚ್ಚು ಮಂದಿಗೆ ಲಿಖಿತ ಕರಾರಿಲ್ಲ. ಸರ್ಕಾರವೂ ಇದಕ್ಕೆ ಪೂರ್ತಿ ಹೊರತಲ್ಲ. 2006ರ ಏಪ್ರಿಲ್ 1ರ ನಂತರ ರಾಜ್ಯ ಸೇವೆಗೆ ಸೇರಿದವರು ಹೊಸ ಪಿಂಚಣಿ ಯೋಜನೆಯ ವ್ಯಾಪ್ತಿಗೆ ಬಂದರು. ನನಗಿರುವ ನಿಶ್ಚಿತ ಪಿಂಚಣಿಯ ಭರವಸೆ ಅವರಿಗೆ ದೊರೆಯಲಿಲ್ಲ.

ಭದ್ರತೆ ಎಂಬುದು ಸೋಮಾರಿಗಳ ಬಯಕೆ ಎನ್ನುವವರು 2016ರ ಏಪ್ರಿಲನ್ನು ನೆನಪಿಸಿಕೊಳ್ಳಲಿ. ಭವಿಷ್ಯನಿಧಿಯ ಹಣ ಹಿಂಪಡೆಯಲು ಕೇಂದ್ರ ಸರ್ಕಾರ ನಿರ್ಬಂಧ ಹಾಕಹೊರಟಾಗ ಸಾವಿರಾರು ಗಾರ್ಮೆಂಟ್ಸ್ ಮಹಿಳೆಯರು ಬೆಂಗಳೂರಿನ ಹೆದ್ದಾರಿಗಳಿಗೆ ಇಳಿದರು. ಯಾವ ದೊಡ್ಡ ನಾಯಕನೂ ಅವರನ್ನು ಕರೆತಂದಿರಲಿಲ್ಲ. ಎರಡೇ ದಿನಗಳಲ್ಲಿ ಸರ್ಕಾರ ಆದೇಶವನ್ನು ಹಿಂಪಡೆಯಿತು. ದಿನವಿಡೀ ಹೊಲಿಗೆಯಂತ್ರದ ಮುಂದೆ ದುಡಿಯುವ ಹೆಣ್ಣುಮಕ್ಕಳು ಬೀದಿಗಿಳಿದದ್ದು ತಾವೇ ಕೂಡಿಟ್ಟ ಹಣಕ್ಕಾಗಿ.

ಈ ಹಿನ್ನೆಲೆಯಲ್ಲಿ ಕರ್ನಾಟಕ ಇಟ್ಟಿರುವ ಹೆಜ್ಜೆಗೆ ಮಹತ್ವವಿದೆ. ದೇಶದಲ್ಲಿ ಗಿಗ್ ಕಾರ್ಮಿಕರ ಸಂಖ್ಯೆ 2020–21ರಲ್ಲಿ 77 ಲಕ್ಷವಿತ್ತೆಂದೂ 2029–30ರ ವೇಳೆಗೆ 2.35 ಕೋಟಿಯಾಗಬಹುದೆಂದೂ ನೀತಿ ಆಯೋಗ 2022ರಲ್ಲಿ ಅಂದಾಜಿಸಿತು. 2023ರಲ್ಲಿ ರಾಜಸ್ಥಾನ ಇವರಿಗಾಗಿ ಮೊದಲ ಕಾನೂನು ತಂದಿತು. ನಮ್ಮ ರಾಜ್ಯ 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ ಹೊರಡಿಸಿ, ಆಗಸ್ಟ್‌ನಲ್ಲಿ ಮಸೂದೆಗೆ ಶಾಸನಸಭೆಯ ಒಪ್ಪಿಗೆ ಪಡೆಯಿತು. ಇದರನ್ವಯ ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಸಲ್ಲುವ ಮೊತ್ತದ ಶೇ 1ರಿಂದ 5ರಷ್ಟನ್ನು ಕಂಪನಿ ಕಲ್ಯಾಣ ನಿಧಿಗೆ ಕಟ್ಟಬೇಕು. ಸಾಮಾನ್ಯ ಸಂದರ್ಭಗಳಲ್ಲಿ ಲಿಖಿತ ಕಾರಣ ಮತ್ತು 14 ದಿನಗಳ ನೋಟಿಸು ನೀಡದೆ ಯಾರನ್ನೂ ಕೆಲಸದಿಂದ ತೆಗೆಯುವಂತಿಲ್ಲ. ದೂರು ಆಲಿಸುವ ವ್ಯವಸ್ಥೆ ಇರಲೇಬೇಕು.

ಇದರಿಂದ ಉದ್ಯಮ ನಲುಗುತ್ತದೆ ಎಂಬ ಆಕ್ಷೇಪವಿದೆ. ಲೆಕ್ಕ ಹಾಕಿ ನೋಡೋಣ. ಒಂದು ಪೊಟ್ಟಣ ತಲುಪಿಸಿದ್ದಕ್ಕೆ ಹುಡುಗನಿಗೆ 40 ರೂಪಾಯಿ ಸಿಗುತ್ತದೆಂದುಕೊಂಡರೆ ನಿಧಿಗೆ ಸೇರುವುದು 40 ಪೈಸೆಯಿಂದ 2 ರೂಪಾಯಿ. ಅದನ್ನು ಪೂರ್ತಿಯಾಗಿ ಗ್ರಾಹಕರ ಮೇಲೆಯೇ ಹೊರಿಸಿದರೂ ಗಾಂಧಿಬಜಾರಿನಲ್ಲಿ ಒಂದು ಲೋಟ ಕಾಫಿಗೆ ತೆರುವ ಬೆಲೆ ಅದಕ್ಕಿಂತ ಬಹುಪಾಲು ಹೆಚ್ಚು.

ನನ್ನ ಆತಂಕ ಬೇರೆಯದು. ನಿಧಿ ಸಂಗ್ರಹಿಸುವುದು ಸುಲಭ, ತಲುಪಿಸುವುದು ಕಷ್ಟ. ಕಟ್ಟಡ ಕಾರ್ಮಿಕರಿಗೆ ಸೆಸ್ ಆಧಾರಿತ ಕಲ್ಯಾಣ ಕಾಯ್ದೆ ಬಂದದ್ದು 1996ರಲ್ಲಿ. ಕರ್ನಾಟಕದಲ್ಲಿ ಮಂಡಳಿ ರಚನೆಯಾದದ್ದು 2007ರಲ್ಲಿ. ಆ ಹನ್ನೊಂದು ವರ್ಷಗಳಲ್ಲಿ ಎಷ್ಟು ಕಟ್ಟಡಗಳು ಎದ್ದವು, ಎಷ್ಟು ಮಂದಿ ಸಾರುವೆಯಿಂದ ಬಿದ್ದರು! ದೇಶದಾದ್ಯಂತ ಸಾವಿರಾರು ಕೋಟಿ ರೂಪಾಯಿ ಸೆಸ್ ಹಣ ಕಾರ್ಮಿಕರಿಗೆ ತಲುಪದೆ ಉಳಿದದ್ದನ್ನು ಕಂಡು ಸುಪ್ರೀಂ ಕೋರ್ಟ್ 2018ರ ಮಾರ್ಚ್‌ನಲ್ಲಿ ಕಟುವಾಗಿ ಟೀಕಿಸಿತು. ಸೇವೆಯಲ್ಲಿದ್ದಾಗ ನಾನೇ ಕಂಡಂತೆ, ನೋಂದಣಿಗೆ ಮಾಲೀಕನ ಪ್ರಮಾಣಪತ್ರ ಬೇಕೆಂಬ ಒಂದೇ ಷರತ್ತು ನಿಜವಾದ ಕೂಲಿಯನ್ನು ಹೊರಗಿಟ್ಟು ಮಧ್ಯವರ್ತಿಯನ್ನು ಒಳಗೆ ಬಿಡಲು ಸಾಕಾಗುತ್ತಿತ್ತು. ಗಿಗ್ ಕಾರ್ಮಿಕರ ವಿಷಯದಲ್ಲಿ ಆ ನೆಪವಿಲ್ಲ. ಪ್ರತಿಯೊಂದು ಪಯಣ, ಪ್ರತಿಯೊಂದು ಪಾವತಿ ಕಂಪನಿಯ ಕಂಪ್ಯೂಟರಿನಲ್ಲಿ ದಾಖಲಾಗಿರುತ್ತದೆ. ಹಾಜರಿ ಪುಸ್ತಕ ಇಲ್ಲವೆನ್ನುವುದು ಅರ್ಧಸತ್ಯ. ಪುಸ್ತಕವಿದೆ, ಅದನ್ನು ತೆರೆದು ನೋಡುವ ಹಕ್ಕು ದುಡಿಯುವವನಿಗಿರಲಿಲ್ಲ.

ಆದ್ದರಿಂದ ಮೂರು ಸಲಹೆಗಳು. ಮೊದಲನೆಯದು, ನಿಧಿಗೆ ಬಂದ ಹಣ, ಕೊಟ್ಟ ಪರಿಹಾರ, ಉಳಿದ ಅರ್ಜಿಗಳ ಲೆಕ್ಕವನ್ನು ಮೂರು ತಿಂಗಳಿಗೊಮ್ಮೆ ಕನ್ನಡದಲ್ಲಿ ಪ್ರಕಟಿಸಬೇಕು. ಎರಡನೆಯದು, 2025ರ ನವೆಂಬರ್ 21ರಂದು ಜಾರಿಗೆ ಬಂದ ಕೇಂದ್ರದ ಸಾಮಾಜಿಕ ಭದ್ರತಾ ಸಂಹಿತೆಯೂ ಕಂಪನಿಗಳಿಂದ ವಂತಿಗೆ ಪಡೆಯುತ್ತದೆ. ಕೇಂದ್ರ, ರಾಜ್ಯ ಎರಡೂ ಕುಳಿತು ಇದನ್ನು ಹೊಂದಿಸದಿದ್ದರೆ ವ್ಯಾಜ್ಯ ಹುಟ್ಟುತ್ತದೆ. ಅದರಲ್ಲಿ ಸೋಲುವವನು ಹುಡುಗನೇ. ಮೂರನೆಯದು, ದೂರು ಕೇಳಲು ಪ್ರತಿ ವಲಯದಲ್ಲಿಯೂ ಒಬ್ಬ ಮನುಷ್ಯ, ಒಂದು ಕುರ್ಚಿ, ಒಂದು ಬಾಗಿಲು ಇರಬೇಕು. ಎಲ್ಲಕ್ಕೂ ಆ್ಯಪ್ ಸಾಲದು.

ಇದು ಬಡವರ ಮಾತು, ನಮ್ಮದಲ್ಲ ಎಂದು ಓದುಗರು ಭಾವಿಸಬಾರದು. 2025ರ ಜುಲೈನಲ್ಲಿ ದೇಶದ ಅತಿದೊಡ್ಡ ಐಟಿ ಕಂಪನಿ 12 ಸಾವಿರಕ್ಕೂ ಹೆಚ್ಚು ಸಿಬ್ಬಂದಿಯನ್ನು ಕೈಬಿಡುವುದಾಗಿ ಪ್ರಕಟಿಸಿತು. ಕೃತಕ ಬುದ್ಧಿಮತ್ತೆ ಯಾವ ಕೆಲಸವನ್ನು ಉಳಿಸುತ್ತದೆ, ಯಾವುದನ್ನು ನುಂಗುತ್ತದೆ ಎಂಬ ಚರ್ಚೆ ಈಗ ಮಲ್ಲೇಶ್ವರದ ಮನೆಗಳ ಊಟದ ಮೇಜಿಗೂ ಬಂದಿದೆ. ಗೇಟನ್ನು ಭದ್ರಪಡಿಸುವುದೊಂದೇ ಉತ್ತರವಲ್ಲ. 2024ರ ಜುಲೈನಲ್ಲಿ ಖಾಸಗಿ ಉದ್ಯೋಗಗಳಲ್ಲಿ ಸ್ಥಳೀಯರಿಗೆ ಮೀಸಲು ನೀಡುವ ಮಸೂದೆಯನ್ನು ಸಂಪುಟ ಒಪ್ಪಿ, ಉದ್ಯಮಗಳ ವಿರೋಧದ ನಡುವೆ ಕೆಲವೇ ದಿನಗಳಲ್ಲಿ ತಡೆಹಿಡಿದದ್ದು ನೆನಪಿರಬಹುದು. ಆ ಬೇಡಿಕೆಯ ಹಿಂದಿನ ನೋವು ನಿಜ. ಆದರೆ ಕೆಲಸವೇ ಕ್ಷಣಿಕವಾಗುವ ಕಾಲದಲ್ಲಿ ಭದ್ರತೆಯನ್ನು ಹುದ್ದೆಗೆ ಕಟ್ಟಿ ಪ್ರಯೋಜನವಿಲ್ಲ, ವ್ಯಕ್ತಿಗೆ ಕಟ್ಟಬೇಕು. ಕಂಪನಿ ಬದಲಾದರೂ, ವೃತ್ತಿ ಬದಲಾದರೂ ವಿಮೆ, ಪಿಂಚಣಿ, ಮರುತರಬೇತಿ ಅವನ ಜೊತೆ ಸಾಗಬೇಕು. ಮುಂದಿನ ಹಂತದ ಆರ್ಥಿಕ ಸುಧಾರಣೆ ಎಂದರೆ ನನ್ನ ಪಾಲಿಗೆ ಇದೇ.

ಆ ಯುವಕ ಈಗಲೂ ಆಗಾಗ ನಮ್ಮ ರಸ್ತೆಗೆ ಬರುತ್ತಾನೆ. ಕಾಯ್ದೆ ಬಂದಿದೆ, ಮಂಡಳಿಯಲ್ಲಿ ಹೆಸರು ನೋಂದಾಯಿಸು ಎಂದು ಹೇಳಿದೆ. 'ಕೊಡ್ತಾರಾ ಸಾರ್?' ಎಂದು ನಕ್ಕು, ಗಡಿಯಾರ ನೋಡಿಕೊಂಡು ಹೊರಟುಹೋದ. ಯಾರನ್ನು ಕೇಳಬೇಕೆಂಬ ಅವನ ಮೊದಲ ಪ್ರಶ್ನೆಗೆ ಕಾನೂನು ಉತ್ತರ ಹೇಳಿದೆ. ಈ ಎರಡನೆಯ ಪ್ರಶ್ನೆಗೆ ಉತ್ತರಿಸಬೇಕಾದವರು ನನ್ನ ನಂತರ ಆ ಕುರ್ಚಿಗಳಲ್ಲಿ ಕುಳಿತಿರುವವರು.